ಅಕ್ಕಿ ಗಡಿ ದಾಟಿತು, ಒಲೆ ದಾಟಲಿಲ್ಲ

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ರೈಲಿನಲ್ಲಿ ಹೊರಟವರು ಮನ್ಮಾಡ್ ಜಂಕ್ಷನ್ ಮೂಲಕವೇ ಹೋಗಬೇಕು. ಈ ಮನ್ಮಾಡ್‌ನಲ್ಲಿ ಭಾರತೀಯ ಆಹಾರ ನಿಗಮದ ಬಹುದೊಡ್ಡ ಉಗ್ರಾಣವಿದೆ. ಪಂಜಾಬ್, ಹರಿಯಾಣಗಳಿಂದ ಬರುವ ಗೋಧಿ, ಅಕ್ಕಿಯ ಮೂಟೆಗಳು ಇಲ್ಲಿ ಇಳಿಯುತ್ತವೆ. ಅದೇ ಊರಿನ ಪಕ್ಕದ ಪಾನೇವಾಡಿಯಲ್ಲಿ ತೈಲ ಕಂಪನಿಗಳ ಡಿಪೊಗಳಿವೆ. ಮುಂಬೈನಿಂದ ಕೊಳವೆಯಲ್ಲಿ ಹರಿದು ಬರುವ ಪೆಟ್ರೋಲು, ಡೀಸೆಲ್ ಇಲ್ಲಿಂದ ಟ್ಯಾಂಕರ್‌ಗಳಲ್ಲಿ ಮಹಾರಾಷ್ಟ್ರದ ಉತ್ತರ ಭಾಗಕ್ಕೂ ಮರಾಠವಾಡಕ್ಕೂ ಹೋಗುತ್ತದೆ. ಧಾನ್ಯ ಮತ್ತು ಇಂಧನ ಎರಡೂ ಒಂದೇ ಊರಿನಲ್ಲಿ, ಕೆಲವೇ ಕಿಲೊಮೀಟರ್ ಅಂತರದಲ್ಲಿ ಶೇಖರವಾಗಿವೆ. ಆದರೆ ಆ ಊರಿನ ಎರಡೂ ಬದಿಗಿರುವ ಈ ಎರಡು ಜಿಲ್ಲೆಗಳ ವಲಸೆ ಕಾರ್ಮಿಕರ ಮನೆಯಲ್ಲಿ ಧಾನ್ಯ ಮತ್ತು ಅದನ್ನು ಬೇಯಿಸುವ ಉರಿ ಒಟ್ಟಿಗೆ ಇರುವುದು ಕಷ್ಟ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಅವರಿಗೆ ಮಾತಿನ ಅಲಂಕಾರವಲ್ಲ, ತಿಂಗಳ ಕೊನೆಯ ವಾರದ ಸ್ಥಿತಿ.

ನಮ್ಮಂಥ ಹೊರನಾಡ ಕನ್ನಡಿಗರಿಗೆ ಈ ವಿಷಯ ದೂರದ್ದೆಂದು ತೋರಬಹುದು. ಅಂಬಡ, ಸಾತಪುರ, ವಾಳೂಜ್, ಶೇಂದ್ರಾ ಕೈಗಾರಿಕಾ ಪ್ರದೇಶಗಳಲ್ಲಿ ಎಂಜಿನಿಯರ್, ಲೆಕ್ಕಪರಿಶೋಧಕ, ಬ್ಯಾಂಕ್ ನೌಕರರಾಗಿ ಬಂದವರಿಗೆ ಗ್ಯಾಸ್ ಎನ್ನುವುದು ಮೊಬೈಲಿನಲ್ಲಿ ಒಂದು ಗುಂಡಿ ಒತ್ತುವ ಕೆಲಸ. ಕಂಪನಿಯ ಪತ್ರ, ನೋಂದಾಯಿತ ಬಾಡಿಗೆ ಕರಾರು ಕೈಯಲ್ಲಿದ್ದರೆ ಹಳೆಯ ಊರಿನ ಸಂಪರ್ಕ ಹೊಸ ಊರಿಗೆ ಬಂದುಬಿಡುತ್ತದೆ. ಆದರೆ ಅದೇ ಕಂಪನಿಯ ಗೇಟಿನಲ್ಲಿ ನಿಲ್ಲುವ ಗುತ್ತಿಗೆ ಕಾವಲುಗಾರ, ಅದೇ ಅಪಾರ್ಟ್‌ಮೆಂಟಿನ ಎದುರಿನ ಹೊಸ ಕಟ್ಟಡಕ್ಕೆ ಸೆಂಟ್ರಿಂಗ್ ಕಟ್ಟಲು ಬಂದ ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯ ಕುಟುಂಬ ಇವರ ಬಳಿ ಆ ಎರಡೂ ಕಾಗದ ಇರುವುದಿಲ್ಲ. ಊರಿನ ಪಡಿತರ ಚೀಟಿ ಇರುತ್ತದೆ, ಆಧಾರ್ ಇರುತ್ತದೆ. ಅಂಥವರನ್ನು ಮಾತನಾಡಿಸಿದರೆ ಉತ್ತರ ಒಂದೇ ಧಾಟಿಯಲ್ಲಿ ಬರುತ್ತದೆ: ‘ಅಕ್ಕಿ ಅದ ರೀ ಅಣ್ಣ, ಒಲಿ ಹಚ್ಲಾಕ ಏನೂ ಇಲ್ರಿ.’ ಆಹಾರ ಭದ್ರತೆಯ ಕುರಿತು ನಾವು ಓದುವ ವರದಿಗಳಲ್ಲಿ ಕಾಣದ ಸಂಗತಿ ಈ ಒಂದು ಮಾತಿನಲ್ಲಿದೆ.

ಅಕ್ಕಿ ಇದೆ ಎಂಬುದು ಸಣ್ಣ ಸಾಧನೆಯೇನಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಧಾನ್ಯವನ್ನು ಹಕ್ಕಾಗಿ ಕೊಟ್ಟಿತು. 2023ರ ಜನವರಿಯಿಂದ ಅದು ಪೂರ್ತಿ ಉಚಿತ. 2019ರಲ್ಲಿ ಆಂಧ್ರ–ತೆಲಂಗಾಣ ಮತ್ತು ಗುಜರಾತ್–ಮಹಾರಾಷ್ಟ್ರ ಜೋಡಿಗಳಲ್ಲಿ ಆರಂಭವಾದ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳನ್ನೂ ಮುಟ್ಟಿತು. ಹೀಗಾಗಿ ಶಹಾಪುರದ ಚೀಟಿ ಇಟ್ಟುಕೊಂಡವರು ಪಂಚವಟಿಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಕರ್ನಾಟಕ ಸರ್ಕಾರ ‘ಅನ್ನಭಾಗ್ಯ’ದಲ್ಲಿ ಹೆಚ್ಚುವರಿಯಾಗಿ ಕೊಡುವ ಪಾಲು ಇಲ್ಲಿ ಸಿಗದು, ಆದರೂ ಮೂಲ ಪಾಲು ಬರುತ್ತದೆ. ಕಾಳು ರಾಜ್ಯದ ಗಡಿ ದಾಟಲು ಕಲಿಯಿತು. ಆ ಕಾಳನ್ನು ಅನ್ನ ಮಾಡುವ ಒಲೆ ಮಾತ್ರ ಊರಿನಲ್ಲೇ ಉಳಿಯಿತು.

1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯ ನಂತರ ಆಹಾರ ಭದ್ರತೆಯನ್ನು ನಾಲ್ಕು ಕಂಬಗಳ ಮೇಲೆ ನಿಲ್ಲಿಸಿ ನೋಡುವುದು ರೂಢಿ. ಆಹಾರ ಲಭ್ಯವಿರಬೇಕು, ಕೈಗೆಟುಕಬೇಕು, ದೇಹಕ್ಕೆ ಒದಗುವಂತೆ ಬಳಕೆಯಾಗಬೇಕು, ಮತ್ತು ಇದು ವರ್ಷದುದ್ದಕ್ಕೂ ಹೀಗೆಯೇ ಇರಬೇಕು. ನಮ್ಮ ಸರ್ಕಾರಗಳು ಮೊದಲ ಎರಡಕ್ಕೆ ಕಷ್ಟಪಟ್ಟಿವೆ. ಮೂರನೆಯದರಲ್ಲಿ, ಅಂದರೆ ಬಳಕೆಯಲ್ಲಿ, ನೀರು ಬರುತ್ತದೆ, ಪಾತ್ರೆ ಬರುತ್ತದೆ, ಉರುವಲು ಬರುತ್ತದೆ. ಹಸಿ ಅಕ್ಕಿಯನ್ನಾಗಲಿ ಹಸಿ ತೊಗರಿಬೇಳೆಯನ್ನಾಗಲಿ ಯಾರೂ ತಿನ್ನಲಾರರು. ಆದರೂ ಧಾನ್ಯವನ್ನು ಆಹಾರ ಇಲಾಖೆ ನೋಡಿಕೊಳ್ಳುತ್ತದೆ, ಗ್ಯಾಸನ್ನು ಪೆಟ್ರೋಲಿಯಂ ಸಚಿವಾಲಯ ನೋಡಿಕೊಳ್ಳುತ್ತದೆ, ಕಾರ್ಮಿಕರ ವಸತಿ ಇನ್ನೊಂದು ಇಲಾಖೆಯದ್ದು. ಮೂರೂ ಸೇರಬೇಕಾದ ಜಾಗ ಅಡುಗೆಮನೆ. ಆ ಅಡುಗೆಮನೆಗೆ ಮಾತ್ರ ಯಾವ ಇಲಾಖೆಯೂ ಇಲ್ಲ.

ಗ್ಯಾಸ್ ವಿಷಯದಲ್ಲಿ ಏನೂ ಆಗಿಲ್ಲ ಎಂದರೆ ಅನ್ಯಾಯವಾದೀತು. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಪ್ರಧಾನಮಂತ್ರಿ ಉಜ್ವಲಾ ಯೋಜನೆ ಆರಂಭವಾಯಿತು. ಮೊದಲ 5 ಕೋಟಿ ಗುರಿ 8 ಕೋಟಿಗೆ ಏರಿತು. ಆ 8ನೇ ಕೋಟಿಯ ಸಂಪರ್ಕವನ್ನು ಪ್ರಧಾನಿ ಕೈಯಾರೆ ಕೊಟ್ಟದ್ದು ಎಲ್ಲಿ? ಇದೇ ಸಂಭಾಜಿನಗರದಲ್ಲಿ, ಅದಿನ್ನೂ ಔರಂಗಾಬಾದ್ ಆಗಿದ್ದಾಗ, 2019ರ ಸೆಪ್ಟೆಂಬರ್ 7ರಂದು, ಸ್ವಸಹಾಯ ಸಂಘಗಳ ಮಹಿಳೆಯರ ಸಮಾವೇಶದಲ್ಲಿ. ಗಡುವಿಗೆ ತಿಂಗಳುಗಳ ಮುಂಚೆಯೇ ಗುರಿ ಮುಟ್ಟಿದ್ದು ಹೆಮ್ಮೆಯ ಮಾತೇ. ಈಗ ಆ ಸಂಖ್ಯೆ 10 ಕೋಟಿ ದಾಟಿದೆ. ಹೊಗೆಯಲ್ಲಿ ಕಣ್ಣು ಕಳೆದುಕೊಂಡ ಒಂದು ತಲೆಮಾರಿನ ಹೆಂಗಸರನ್ನು ನೋಡಿ ಬೆಳೆದ ನಮಗೆ ಇದರ ಬೆಲೆ ಗೊತ್ತು. 2019ರಲ್ಲಿ ಮನೆಯೊಳಗಿನ ಹೊಗೆಯಿಂದ ದೇಶದಲ್ಲಿ 6 ಲಕ್ಷದಷ್ಟು ಸಾವು ಸಂಭವಿಸಿವೆ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿ ಮಾಡಿದ ಅಂದಾಜು.

ಆದರೆ ಸಂಪರ್ಕ ಬೇರೆ, ಉರಿ ಬೇರೆ. ಅದೇ 2019ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಈ ವ್ಯತ್ಯಾಸವನ್ನು ಲೆಕ್ಕದಲ್ಲಿ ತೋರಿಸಿತು. 2018ರ ಡಿಸೆಂಬರ್ ಅಂತ್ಯದ ವೇಳೆಗೆ ಸಂಪರ್ಕ ಪಡೆದು ವರ್ಷ ಕಳೆದಿದ್ದ 3.18 ಕೋಟಿ ಫಲಾನುಭವಿಗಳು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್ ಮಾತ್ರ ತುಂಬಿಸಿಕೊಂಡಿದ್ದರು. 14.2 ಕೆ.ಜಿ.ಯ ಸಿಲಿಂಡರ್ ಲೆಕ್ಕದಲ್ಲಿ ಇದು ದಿನಕ್ಕೆ ಸುಮಾರು 125 ಗ್ರಾಂ. ಮನೆಯ ಸ್ಟೌವಿನ ಒಂದು ಸಣ್ಣ ಬರ್ನರ್ ಸುಮಾರು ಒಂದು ತಾಸು ಉರಿಯಲು ಸಾಕಾಗುವಷ್ಟು. ಅಷ್ಟರಲ್ಲಿ ಐದಾರು ಜನರ ಎರಡು ಹೊತ್ತಿನ ಅನ್ನ, ಸಾರು, ರೊಟ್ಟಿ, ಚಹಾ, ಮಗುವಿನ ಹಾಲು, ಬಾಣಂತಿಯ ಬಿಸಿನೀರು ಎಲ್ಲವೂ ಆಗಬೇಕು. ಆಗುವುದಿಲ್ಲ. ಉಳಿದದ್ದಕ್ಕೆ ಕಟ್ಟಿಗೆ, ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಇದ್ದೇ ಇವೆ. ಕಲಬುರಗಿಯ ಹೊಲದಿಂದ ತಂದು ಹಿತ್ತಲಲ್ಲಿ ಒಟ್ಟುವ ಅದೇ ತೊಗರಿಕಟ್ಟಿಗೆಯ ಬಣವೆ ಮರಾಠವಾಡದ ಮನೆಗಳ ಹಿಂದೆಯೂ ಕಾಣುತ್ತದೆ.

ಬೆಲೆ ಇಳಿದರೆ ಜನ ಗ್ಯಾಸ್ ಬಳಸುತ್ತಾರೆಯೇ ಎಂಬ ಪ್ರಶ್ನೆಗೂ ಲೆಕ್ಕವೇ ಉತ್ತರ ಕೊಟ್ಟಿದೆ. ಉಜ್ವಲಾ ಮನೆಗಳ ಸರಾಸರಿ ಬಳಕೆ 2019–20ರಲ್ಲಿ 3.01 ಸಿಲಿಂಡರ್ ಇತ್ತು. ಕೋವಿಡ್ ಕಾಲದಲ್ಲಿ ಮೂರು ಸಿಲಿಂಡರ್ ಉಚಿತವಾಗಿ ಕೊಟ್ಟ 2020–21ರಲ್ಲಿ ಅದು 4.39ಕ್ಕೆ ಏರಿತು. ಉಚಿತ ನಿಂತು, ಬೆಲೆ ಏರಿದ ಮರುವರ್ಷ ಮತ್ತೆ ಇಳಿಯಿತು. 2022ರ ಮೇನಲ್ಲಿ ಸಿಲಿಂಡರ್‌ಗೆ 200 ರೂಪಾಯಿ, 2023ರ ಅಕ್ಟೋಬರ್‌ನಿಂದ 300 ರೂಪಾಯಿ ಸಬ್ಸಿಡಿ ಬಂದ ಮೇಲೆ 2024–25ರಲ್ಲಿ 4.47 ಆಯಿತು. ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲೇ ಇದ್ದುದರಿಂದ ಬಳಕೆ ಏರಿದ್ದೂ ಉಂಟು ಎನ್ನಬಹುದು. ಆದರೂ ದಾರಿ ಸ್ಪಷ್ಟ: ಹಳ್ಳಿಯ ಹೆಂಗಸರಿಗೆ ಕಟ್ಟಿಗೆಯ ರೊಟ್ಟಿಯ ರುಚಿಯೇ ಇಷ್ಟ, ಅದಕ್ಕೇ ಗ್ಯಾಸ್ ತುಂಬಿಸುವುದಿಲ್ಲ ಎಂಬ ವಾದ ಅರ್ಧ ಸತ್ಯ. ರುಚಿಗಿಂತ ಮೊದಲು ಕೈಯಲ್ಲಿ ದುಡ್ಡಿರಬೇಕು. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿಕೆಯ ನಂತರ ಮುಂಬೈನಲ್ಲಿ ಮನೆಬಳಕೆಯ ಸಿಲಿಂಡರ್ 852 ರೂಪಾಯಿ ಐವತ್ತು ಪೈಸೆ. ಅದೇ ವರ್ಷ ಮಹಾರಾಷ್ಟ್ರದ ನರೇಗಾ ದಿನಗೂಲಿ 312 ರೂಪಾಯಿ. ಸಬ್ಸಿಡಿ ಇಲ್ಲದ ಮನೆಗೆ ಒಂದು ಸಿಲಿಂಡರ್ ಎಂದರೆ ಹೆಚ್ಚುಕಡಿಮೆ ಮೂರು ದಿನದ ದುಡಿಮೆ, ಅದೂ ಒಂದೇ ಏಟಿಗೆ ಕೊಡಬೇಕಾದದ್ದು.

ಮಹಾರಾಷ್ಟ್ರ ಸರ್ಕಾರ ಇದನ್ನು ಗಮನಿಸಿದೆ. 2024ರ ಜೂನ್‌ನ ಬಜೆಟ್‌ನಲ್ಲಿ ‘ಮುಖ್ಯಮಂತ್ರಿ ಅನ್ನಪೂರ್ಣ ಯೋಜನೆ’ ಘೋಷಿಸಿ, 52 ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ವರ್ಷಕ್ಕೆ ಮೂರು ಸಿಲಿಂಡರ್ ಉಚಿತ ಎಂದಿತು. ಹೆಸರಿನಲ್ಲೇ ಅನ್ನವಿದೆ, ಗ್ಯಾಸಿಲ್ಲ. ಯಾರೋ ಯೋಚಿಸಿಯೇ ಇಟ್ಟಿರಬೇಕು. ಇಂಧನದ ಯೋಜನೆಯನ್ನು ಊಟದ ಯೋಜನೆಯಾಗಿ ಕಂಡದ್ದು ಸರಿಯಾದ ದೃಷ್ಟಿ. ಆದರೆ ಅದು ರಾಜ್ಯದ ಉಜ್ವಲಾ ಮತ್ತು ‘ಲಾಡಕಿ ಬಹೀಣ’ ಫಲಾನುಭವಿಗಳಿಗೆ, ಸಂಪರ್ಕ ಮನೆಯ ಹೆಂಗಸಿನ ಹೆಸರಿನಲ್ಲಿದ್ದರೆ, 14.2 ಕೆ.ಜಿ.ಯ ಸಿಲಿಂಡರ್‌ಗೆ ಸಿಗುವಂಥದ್ದು. ಒಂದು ವಿಳಾಸದಲ್ಲಿ ನೆಲೆನಿಂತ ಮನೆಗೆ ಹೊಲಿದ ಅಂಗಿ ಅದು. ನಡೆದಾಡುವ ಮನೆಗೆ ಹೊಂದುವುದಿಲ್ಲ.

ಈ ನಡೆದಾಡುವವರಲ್ಲಿ ಹೊರರಾಜ್ಯದವರಷ್ಟೇ ಇಲ್ಲ. ನಾಸಿಕ್ ಜಿಲ್ಲೆಯೊಳಗೇ ನೋಡಿ. ಸುರಗಾಣಾ, ಪೇಠ ತಾಲ್ಲೂಕುಗಳ ಆದಿವಾಸಿ ಕುಟುಂಬಗಳು ಮಳೆಗಾಲ ಮುಗಿಯುತ್ತಿದ್ದಂತೆ ದಿಂಡೋರಿ, ನಿಫಾಡ ಕಡೆಯ ದ್ರಾಕ್ಷಿ ತೋಟಗಳಿಗೆ ಇಳಿಯುತ್ತವೆ. ಅಕ್ಟೋಬರಿನ ಚಾಟನಿ, ಆಮೇಲೆ ಗೊಂಚಲು ತಿದ್ದುವ ಕೆಲಸ, ಜನವರಿಯಿಂದ ಕೊಯ್ಲು, ಏಪ್ರಿಲ್‌ನಲ್ಲಿ ಮತ್ತೆ ಚಾಟನಿ. ತೋಟದ ಬದಿಯ ತಗಡಿನ ಶೆಡ್ಡೇ ಮನೆ. ಊರಿನಲ್ಲಿ ಸಿಲಿಂಡರ್ ಇದ್ದರೂ ಅದು ಬೀಗ ಹಾಕಿದ ಮನೆಯಲ್ಲಿ. ತೋಟದಲ್ಲಿ ಕತ್ತರಿಸಿದ ಬಳ್ಳಿಯೇ ಉರುವಲು. ಔಷಧ ಸಿಂಪಡಿಸಿದ ಬಳ್ಳಿಯನ್ನು ಉರಿಸಿದ ಹೊಗೆ ಎಂಥದ್ದೆಂದು ಅವರಿಗೆ ಯಾರೂ ಹೇಳಿಲ್ಲ. ದೇಶದ ಮಾರುಕಟ್ಟೆಗೂ ಯುರೋಪಿಗೂ ಹೋಗುವ ದ್ರಾಕ್ಷಿಯ ಮೇಲೆ ಎಷ್ಟು ಔಷಧ ಉಳಿದಿದೆ ಎಂದು ಪ್ರಯೋಗಾಲಯದಲ್ಲಿ ನೋಡುತ್ತಾರೆ. ಅದನ್ನು ಕೊಯ್ದವರ ಒಲೆಯನ್ನು ನೋಡುವುದಿಲ್ಲ.

ಇನ್ನೊಂದು ದಿಕ್ಕಿನಿಂದ ನೋಡಿದರೆ ಕರ್ನಾಟಕದ ಪಾಲೂ ಕಾಣುತ್ತದೆ. ಬೀಡ ಮತ್ತು ಮರಾಠವಾಡದ ಇತರ ಜಿಲ್ಲೆಗಳಿಂದ ಪ್ರತಿ ವರ್ಷ ಕಬ್ಬಿನ ಹಂಗಾಮಿಗೆ ಲಕ್ಷಾಂತರ ಜನ ಹೊರಡುತ್ತಾರೆ. ಗಂಡ ಹೆಂಡತಿ ಸೇರಿ ಒಂದು ‘ಕೊಯ್ತಾ’. ಮುಕಾದಮನಿಂದ ಮುಂಗಡ ಪಡೆದು, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು, ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೂ ಬರುತ್ತಾರೆ. ನಮ್ಮೂರಿನ ಭಾಷೆಯಲ್ಲಿ ಅವರು ‘ಗ್ಯಾಂಗಿನವರು’. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಕತ್ತಲಲ್ಲಿ ರವದಿ ಉರಿಸಿ ಭಾಕರಿ ಸುಟ್ಟುಕೊಂಡು ಹೊಲಕ್ಕೆ ಹೋಗುತ್ತಾರೆ. ರವದಿ ಭಗ್ಗೆಂದು ಹತ್ತಿ ಅಷ್ಟೇ ಬೇಗ ಆರುತ್ತದೆ. ಅದರಲ್ಲಿ ಭಾಕರಿ ಸುಡಬಹುದು, ಬೇಳೆ ಬೇಯಿಸಲಾಗದು. ಹೀಗಾಗಿ ಭಾಕರಿಗೆ ಜೊತೆಯಾಗುವುದು ಖಾರ, ಉಳ್ಳಾಗಡ್ಡಿ. ಇವರಲ್ಲಿ ಎಷ್ಟೋ ಮನೆಗಳಿಗೆ ಅನ್ನಪೂರ್ಣ ಯೋಜನೆಯ ಮೂರು ಸಿಲಿಂಡರಿನ ಹಕ್ಕಿದೆ. ಆದರೆ ಅಕ್ಟೋಬರ್–ನವೆಂಬರಿನಿಂದ ಮಾರ್ಚ್–ಏಪ್ರಿಲ್‌ವರೆಗೆ, ಅತ್ಯಂತ ಕಠಿಣ ದುಡಿಮೆಯ ಆ ಐದಾರು ತಿಂಗಳು, ಹಕ್ಕು ಒಂದು ರಾಜ್ಯದಲ್ಲಿ, ಹಸಿವು ಇನ್ನೊಂದು ರಾಜ್ಯದಲ್ಲಿ. ನಾಸಿಕ್‌ನಲ್ಲಿ ಯಾದಗಿರಿಯವರಿಗೆ ಆಗುವುದೇ ಬಾಗಲಕೋಟೆಯಲ್ಲಿ ಬೀಡದವರಿಗೆ ಆಗುತ್ತಿದೆ. ಆದ್ದರಿಂದ ಇದನ್ನು ‘ನಮ್ಮವರಿಗೆ ಅಲ್ಲಿ ಅನ್ಯಾಯ’ ಎಂಬ ಗಡಿ ರಾಜಕೀಯದ ಧಾಟಿಯಲ್ಲಿ ಕೇಳಲು ನಮಗೆ ಬಾಯಿಲ್ಲ.

ಉರುವಲಿನ ಕೊರತೆ ಊಟವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ಅದು ಉಪವಾಸದ ರೂಪದಲ್ಲಿ ಬರುವುದಿಲ್ಲ. ಮೊದಲು ಹೋಗುವುದು ಬೇಳೆಕಾಳು. ತೊಗರಿ, ಕಡಲೆ, ಅಲಸಂದೆ, ಹುರುಳಿ ಇವೆಲ್ಲ ಹೊತ್ತು ತೆಗೆದುಕೊಳ್ಳುವಂಥವು. ಕುಕ್ಕರ್ ಇಲ್ಲದ ಮನೆಯಲ್ಲಿ ತಾಸುಗಟ್ಟಲೆ ಉರಿ ಬೇಕು. ಆಮೇಲೆ ಎರಡು ಹೊತ್ತಿನ ಅಡುಗೆ ಒಂದು ಹೊತ್ತಿಗೆ ಇಳಿಯುತ್ತದೆ. ಬೆಳಗ್ಗೆ ಮಾಡಿದ ಅನ್ನವನ್ನು ರಾತ್ರಿ ತಣ್ಣಗೆ ತಿನ್ನುವುದು. ಸಂಭಾಜಿನಗರದ ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ಅದು ರಾತ್ರಿಯವರೆಗೆ ಕೆಡದೆ ಉಳಿಯುವುದು ಅನುಮಾನ. ಮೂರನೆಯದಾಗಿ ಮಕ್ಕಳ ಬೆಳಗಿನ ತಿಂಡಿ ಐದು ರೂಪಾಯಿಯ ಬಿಸ್ಕತ್ತು, ಖಾರಿ, ವಡಾಪಾವ್ ಆಗುತ್ತದೆ. ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಪುಷ್ಟಿ ಬರುವುದಿಲ್ಲ. ನಾಲ್ಕನೆಯದಾಗಿ ಪಡಿತರದ ಧಾನ್ಯವನ್ನೇ ಮಾರಿ ಆ ದುಡ್ಡಿನಲ್ಲಿ ಹೊರಗಿನ ಊಟ ತರುವುದು. ಇದನ್ನು ಕಂಡಾಗ ‘ಬಿಟ್ಟಿ ಅಕ್ಕಿ ಮಾರಿಕೊಳ್ಳುತ್ತಾರೆ’ ಎಂದು ಮೂಗು ಮುರಿಯುವುದು ಸುಲಭ. ಬೇಯಿಸಲು ಉರಿಯಿಲ್ಲದವನಿಗೆ ಅಕ್ಕಿ ಮಾರುವುದು ಲೆಕ್ಕಾಚಾರವೇ ಹೊರತು ಸೋಮಾರಿತನವಲ್ಲ.

ಮಳೆಗಾಲದಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ಇಗತಪುರಿ, ತ್ರ್ಯಂಬಕೇಶ್ವರ, ಪೇಠ ಭಾಗದಲ್ಲಿ ಸುರಿಯುವ ಮಳೆ ನಮ್ಮ ಮಲೆನಾಡನ್ನು ನೆನಪಿಸುವಂಥದ್ದು. ಒಣ ಕಟ್ಟಿಗೆ ಸಿಗದು, ಕೂಲಿಯೂ ಕಡಿಮೆ, ಮನೆಯ ಕಾಳು ಮುಗಿಯುತ್ತ ಬಂದಿರುತ್ತದೆ. ಮೂರೂ ಕೊರತೆ ಒಂದೇ ತಿಂಗಳಲ್ಲಿ. ಮರಾಠವಾಡದಲ್ಲಿ ಇದರ ವಿರುದ್ಧ: ಬರಗಾಲ ಬಂದ ವರ್ಷ ಹತ್ತಿ, ತೊಗರಿ ಬೆಳೆಯದಿದ್ದರೆ ಅವುಗಳ ಕಟ್ಟಿಗೆಯೂ ಇಲ್ಲ. ಬೆಳೆ ಹೋದರೆ ಆಹಾರದ ಜೊತೆಗೆ ಉರುವಲೂ ಹೋಗುತ್ತದೆ ಎಂಬುದು ಪಟ್ಟಣದಲ್ಲಿ ಕುಳಿತು ಯೋಜನೆ ಬರೆಯುವವರಿಗೆ ಥಟ್ಟನೆ ಹೊಳೆಯುವುದಿಲ್ಲ. ಆಹಾರ ಭದ್ರತೆಯ ನಾಲ್ಕನೆಯ ಕಂಬ, ವರ್ಷವಿಡೀ ನಿಲ್ಲುವ ಸ್ಥಿರತೆ, ಮುರಿಯುವುದು ಇಲ್ಲಿಯೇ.

2020ರ ಮೇ 8ರ ಬೆಳಗಿನ ಜಾವ ಸಂಭಾಜಿನಗರ ಜಿಲ್ಲೆಯ ಕರ್ಮಾಡ್ ಬಳಿ ಹಳಿಯ ಮೇಲೆ ಮಲಗಿದ್ದ 16 ವಲಸೆ ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿದದ್ದು ನಮಗೆಲ್ಲ ನೆನಪಿದೆ. ಜಾಲ್ನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಧ್ಯಪ್ರದೇಶದವರು ಅವರು. ಭುಸಾವಳದಿಂದ ಊರಿಗೆ ರೈಲು ಸಿಗಬಹುದೆಂದು ನಡೆದು ಹೊರಟಿದ್ದರು. ಹಳಿಗಳ ನಡುವೆ ಚೆಲ್ಲಿದ್ದ ರೊಟ್ಟಿಗಳ ಚಿತ್ರವನ್ನು ಪತ್ರಿಕೆಗಳೆಲ್ಲ ಅಚ್ಚು ಹಾಕಿದವು. ಆ ದುರಂತಕ್ಕೆ ಕಾರಣ ಗ್ಯಾಸ್ ಅಲ್ಲ, ಹಾಗೆ ಹೇಳುವುದು ತಪ್ಪು. ಆದರೆ ಆ ಲಾಕ್‌ಡೌನ್ ಒಂದು ಸತ್ಯವನ್ನು ಎತ್ತಿ ತೋರಿಸಿತು: ಹೋಟೆಲು, ಖಾನಾವಳಿ, ಪೋಳಿಭಾಜಿ ಕೇಂದ್ರ ಮುಚ್ಚಿದ ದಿನ ಸ್ವಂತ ಒಲೆಯಿಲ್ಲದ ಕಾರ್ಮಿಕನಿಗೆ ನಗರದಲ್ಲಿ ಉಳಿಯಲು ಆಧಾರವೇ ಇರಲಿಲ್ಲ. ಒಣ ರೇಷನ್ ಹಂಚಿದವರೂ ಇದನ್ನು ಬೇಗ ಕಂಡುಕೊಂಡರು. 2021ರಲ್ಲಿ ಸುಪ್ರೀಂ ಕೋರ್ಟ್ ವಲಸೆ ಕಾರ್ಮಿಕರ ಪ್ರಕರಣದಲ್ಲಿ ಪಡಿತರ ಚೀಟಿಯ ಗಡಿ ತೆಗೆಯಿರಿ, ಒಣ ಧಾನ್ಯ ಕೊಡಿ ಎಂದಷ್ಟೇ ಹೇಳಿ ನಿಲ್ಲಿಸದೆ, ಕಾರ್ಮಿಕರು ಹೆಚ್ಚಿರುವಲ್ಲಿ ಸಮುದಾಯ ಅಡುಗೆಮನೆಗಳನ್ನು ನಡೆಸಿ ಎಂದದ್ದೂ ಇದಕ್ಕೇ.

ಹಾಗಾದರೆ ದಾರಿ ಇಲ್ಲವೇ? ಇದೆ, ಮತ್ತು ಹೆಚ್ಚಿನದು ಕಾಗದದ ಮೇಲೆ ಈಗಾಗಲೇ ಇದೆ. 2021ರ ಆಗಸ್ಟ್‌ನಲ್ಲಿ ಆರಂಭವಾದ ಉಜ್ವಲಾ ಎರಡನೇ ಹಂತದಲ್ಲಿ ವಲಸೆ ಕುಟುಂಬ ಪಡಿತರ ಚೀಟಿ, ವಿಳಾಸದ ಪುರಾವೆಯ ಬದಲು ಸ್ವಯಂ ಘೋಷಣೆ ಕೊಟ್ಟರೆ ಸಾಕು ಎಂಬ ನಿಯಮ ಬಂತು. ಇನ್ನೊಂದು, 5 ಕೆ.ಜಿ.ಯ ಸಣ್ಣ ಸಿಲಿಂಡರ್. ವಿಳಾಸ ಕೇಳದೆ ಗುರುತಿನ ಚೀಟಿಯಷ್ಟೇ ನೋಡಿ ಕೊಡುವ ಈ ಮುಕ್ತ ಮಾರಾಟದ ಸಿಲಿಂಡರ್‌ಗೆ 2013ರ ಅಕ್ಟೋಬರ್‌ನಲ್ಲಿ ಚಾಲನೆ ಕೊಟ್ಟವರು ಆಗಿನ ಪೆಟ್ರೋಲಿಯಂ ಸಚಿವ ವೀರಪ್ಪ ಮೊಯಿಲಿ, ಅದೂ ಬೆಂಗಳೂರಿನಲ್ಲಿ. ಇಂಡಿಯನ್ ಆಯಿಲ್ ಅದನ್ನೇ ಈಗ ‘ಛೋಟು’ ಎಂದು ಮಾರುತ್ತದೆ. ವಲಸೆ ಕಾರ್ಮಿಕ, ವಿದ್ಯಾರ್ಥಿ, ಒಂಟಿ ನೌಕರ ಇವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ವ್ಯವಸ್ಥೆ ಅದು.

ಎಡವಿದ್ದು ಎಲ್ಲಿ? ಮುಕ್ತ ಮಾರಾಟದ ಸಣ್ಣ ಸಿಲಿಂಡರ್‌ಗೆ ಮನೆಬಳಕೆಯ ದರವಿಲ್ಲ, ಮಾರುಕಟ್ಟೆಯ ದರ. ಮೊದಲ ಸಲ ಸಿಲಿಂಡರ್, ರೆಗ್ಯುಲೇಟರ್‌ಗೆಂದು ಕೊಡಬೇಕಾದ ಮೊತ್ತವೂ ಸೇರಿದರೆ ಕೈ ಹಿಂದೆ ಸರಿಯುತ್ತದೆ. ಹೀಗಾಗಿ ಅತಿ ಕಡಿಮೆ ದುಡಿಯುವವನು ಕೆ.ಜಿ. ಗ್ಯಾಸಿಗೆ ನನಗಿಂತ ಹೆಚ್ಚು ಕೊಡುತ್ತಾನೆ. ಅದೂ ಸಿಗದಿದ್ದಾಗ ಸಂದಿಯ ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ಪುಟ್ಟ ಡಬ್ಬಿಗೆ ಕೆ.ಜಿ. ಲೆಕ್ಕದಲ್ಲಿ ಗ್ಯಾಸ್ ತುಂಬಿಸಿಕೊಂಡು ಬರುತ್ತಾನೆ. ಅದು ಕಾನೂನುಬಾಹಿರ, ಜೀವಕ್ಕೂ ಅಪಾಯ. ಇಡೀ ಚಾಳಿಗೆ ಬೆಂಕಿ ಹಿಡಿದ ಸುದ್ದಿ ಓದಿದಾಗ ನಾವು ಅಂಗಡಿಯವನನ್ನು ಬೈಯುತ್ತೇವೆ. ಆ ಅಂಗಡಿ ಏಕೆ ನಡೆಯುತ್ತದೆ ಎಂದು ಕೇಳುವುದಿಲ್ಲ. ಇನ್ನು ಸ್ವಯಂ ಘೋಷಣೆಯ ನಿಯಮ ದೆಹಲಿಯಲ್ಲಿದೆ. ಏಜೆನ್ಸಿಯ ಕಿಟಕಿಯಲ್ಲಿ ಕುಳಿತವನಿಗೆ ಬಾಡಿಗೆ ಕರಾರೇ ಬೇಕು. ಮನೆ ಮಾಲೀಕ ಕರಾರು ಕೊಡುವುದಿಲ್ಲ. ಕನ್ನಡ ಬಿಟ್ಟು ಬೇರೆ ಬಾರದ ಹೆಂಗಸು ಮರಾಠಿ ಅರ್ಜಿಯ ಮುಂದೆ ಎಷ್ಟು ಹೊತ್ತು ನಿಂತಾಳು?

ಪೈಪಿನ ಗ್ಯಾಸ್ ಬರುತ್ತಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ನಾಸಿಕ್‌ನಲ್ಲಿ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಸಂಸ್ಥೆ, ಸಂಭಾಜಿನಗರದಲ್ಲಿ ಭಾರತ್ ಪೆಟ್ರೋಲಿಯಂ ಕೊಳವೆ ಹಾಕುವ ಕೆಲಸ ನಡೆಸಿವೆ. ಮೊದಲನೆಯದು ನಮ್ಮ ರಾಮನಗರದಲ್ಲೂ ಇದೆ. ಒಳ್ಳೆಯದೇ. ಆದರೆ ಪೈಪು ಹೋಗುವುದು ಪಕ್ಕಾ ಮನೆಗೆ, ಮಾಲೀಕ ಒಪ್ಪಿದ ಮನೆಗೆ. ಅದರಿಂದ ನಮ್ಮ ಅಪಾರ್ಟ್‌ಮೆಂಟಿನ ಸಿಲಿಂಡರ್‌ಗಳು ಬಿಡುಗಡೆಯಾಗುತ್ತವೆ, ವಾಳೂಜ್ ಬಳಿಯ ರಾಂಜಣಗಾವ್‌ನ ಹತ್ತಡಿ ಕೋಣೆಗೆ ಅದು ತಾನಾಗಿ ಬಂದು ಸೇರುವುದಿಲ್ಲ. ಇಂಡಕ್ಷನ್ ಒಲೆಯೂ ಒಂದು ಉತ್ತರವೇ. ಎಲ್‌ಪಿಜಿಯಲ್ಲಿ ಶೇ 60ರಷ್ಟನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಅದು ಬೇಕಾದ ಉತ್ತರವೂ ಹೌದು. ಆದರೆ ಬಾಡಿಗೆ ಕೋಣೆಯಲ್ಲಿ ಮಾಲೀಕ ತನ್ನ ಸಬ್‌ಮೀಟರಿಗೆ ತನ್ನದೇ ದರ ಹಾಕುತ್ತಾನೆ, ಇಂಡಕ್ಷನ್ ಹಚ್ಚಕೂಡದು ಎಂಬ ಷರತ್ತನ್ನೂ ಹಾಕುತ್ತಾನೆ. ಯಾವ ಒಲೆ ಎಂಬುದಕ್ಕಿಂತ ಆ ಒಲೆಯ ಮೇಲೆ ಯಾರಿಗೆ ಹಕ್ಕು ಎಂಬುದು ಮುಖ್ಯ.

ಸಬ್ಸಿಡಿಯನ್ನು ಎಷ್ಟು ಕಾಲ ಕೊಡುವುದು ಎಂಬ ಪ್ರಶ್ನೆ ನಮ್ಮ ವಲಯದಲ್ಲಿ ಬಂದೇ ಬರುತ್ತದೆ. ತೆರಿಗೆ ಕಟ್ಟುವವರ ಪ್ರಶ್ನೆ ಅದು, ಅಲ್ಲಗಳೆಯಬೇಕಿಲ್ಲ. 2015ರಲ್ಲಿ ಸಬ್ಸಿಡಿ ಬಿಟ್ಟುಕೊಡಿ ಎಂದಾಗ ಒಂದು ಕೋಟಿಗೂ ಹೆಚ್ಚು ಮನೆಗಳು ಬಿಟ್ಟುಕೊಟ್ಟವು, ನಮ್ಮಲ್ಲಿ ಅನೇಕರು ಅದರಲ್ಲಿದ್ದೆವು. ಉಜ್ವಲಾ ಸಬ್ಸಿಡಿಗೆ 2025–26ರಲ್ಲಿ ಕೇಂದ್ರ ಇಟ್ಟದ್ದು 12,000 ಕೋಟಿ ರೂಪಾಯಿ, ವರ್ಷಕ್ಕೆ ಹೆಚ್ಚೆಂದರೆ 9 ಸಿಲಿಂಡರ್‌ಗೆ. ನಾನು ಇಲ್ಲಿ ಕೇಳುತ್ತಿರುವುದು ಈ ಮೊತ್ತವನ್ನು ಹೆಚ್ಚಿಸಿ ಎಂದಲ್ಲ. ಈಗಾಗಲೇ ಕೊಡುತ್ತಿರುವುದು ಮನುಷ್ಯನ ಜೊತೆ ನಡೆಯಲಿ, ಬೀಗ ಹಾಕಿದ ಮನೆಯ ಬಾಗಿಲಲ್ಲಿ ನಿಲ್ಲದಿರಲಿ ಎಂಬುದು. ಕೋಟಿಗಟ್ಟಲೆ ಖರ್ಚು ಮಾಡಿ ಧಾನ್ಯ ಕೊಟ್ಟು, ಅದನ್ನು ಬೇಯಿಸಲಾಗದೆ ಬಿಟ್ಟರೆ ಆ ಧಾನ್ಯದ ಖರ್ಚೂ ಅಷ್ಟರ ಮಟ್ಟಿಗೆ ದಂಡ.

ಮಾಡಬೇಕಾದದ್ದು ನಾಲ್ಕು. ಒಂದು, ಪಡಿತರ ಚೀಟಿಯಂತೆ ಉಜ್ವಲಾ ಸಬ್ಸಿಡಿಯೂ ಆಧಾರ್‌ನ ಮೇಲೆ ಎಲ್ಲಿ ಬೇಕಾದರೂ 5 ಕೆ.ಜಿ.ಯ ಸಿಲಿಂಡರ್‌ಗೆ ಸಿಗಬೇಕು. ಉಜ್ವಲಾದಲ್ಲಿ ಸಣ್ಣ ಸಿಲಿಂಡರ್‌ಗೆ ಪ್ರಮಾಣಾನುಸಾರ ಸಬ್ಸಿಡಿ ಈಗಲೂ ಇದೆ, ಬೇಕಾಗಿರುವುದು ಊರು ಬದಲಿಸುವ ಸ್ವಾತಂತ್ರ್ಯ. 2021ರಲ್ಲಿ ಪುಣೆಯೂ ಸೇರಿ ಐದು ನಗರಗಳಲ್ಲಿ ಗ್ರಾಹಕ ತನಗೆ ಬೇಕಾದ ವಿತರಕನಿಂದ ಮರುಪೂರಣ ಪಡೆಯುವ ಪ್ರಯೋಗ ನಡೆದಿತ್ತು. ಊರೊಳಗೆ ಆದದ್ದನ್ನು ರಾಜ್ಯಗಳ ನಡುವೆ ಮಾಡಲು ತಂತ್ರಜ್ಞಾನದ ಅಡ್ಡಿಯಿಲ್ಲ. ಎರಡು, ನ್ಯಾಯಬೆಲೆ ಅಂಗಡಿಯಲ್ಲೇ ಸಣ್ಣ ಸಿಲಿಂಡರ್ ಸಿಗಲಿ. 2021ರಲ್ಲಿ ಕೇಂದ್ರದ ಆಹಾರ ಇಲಾಖೆಯೇ ಇದನ್ನು ಮುಂದಿಟ್ಟಿತ್ತು. ಅಕ್ಕಿಗೆ ಬೆರಳಚ್ಚು ಕೊಟ್ಟ ಕಡೆಯೇ ಉರಿಯೂ ಸಿಕ್ಕರೆ ಎರಡು ಇಲಾಖೆಗಳ ನಡುವಿನ ಗೋಡೆ ಬಡವನ ಮಟ್ಟಿಗಾದರೂ ಬೀಳುತ್ತದೆ. ಮೂರು, 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರ ವಾಸದ ವ್ಯವಸ್ಥೆ ಮಾಡಬೇಕು ಎಂದಿತ್ತು. ವಾಸ ಎಂದರೆ ತಲೆಯ ಮೇಲೆ ತಗಡು ಮಾತ್ರವಲ್ಲ, ಒಲೆಯೂ ಹೌದು ಎಂದು ಗುತ್ತಿಗೆಯ ಷರತ್ತಿನಲ್ಲೇ ಬರೆಯಬೇಕು. ಸಕ್ಕರೆ ಕಾರ್ಖಾನೆಗಳಿಗೂ ಇದು ಅನ್ವಯಿಸಬೇಕು, ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ. ನಾಲ್ಕು, ಹಂಚಿಕೊಳ್ಳುವ ಒಲೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ ಆಗಲಿ, 2020ರ ಜನವರಿ 26ರಂದು ಮಹಾರಾಷ್ಟ್ರದಲ್ಲಿ 10 ರೂಪಾಯಿಗೆ ಆರಂಭವಾದ ಶಿವಭೋಜನ ಥಾಲಿ ಆಗಲಿ, ಕೇವಲ ಅಗ್ಗದ ಊಟವಲ್ಲ. ಒಲೆಯಿಲ್ಲದ ನೂರಾರು ಜನರಿಗೆ ಒಂದೇ ದೊಡ್ಡ ಒಲೆ. ಅವನ್ನು ಆ ಪಕ್ಷದ್ದು, ಈ ಪಕ್ಷದ್ದು ಎಂದು ನೋಡದೆ, ಕಾರ್ಮಿಕರು ಇಳಿಯುವ ನಾಕಾಗಳ ಬಳಿ, ಕೈಗಾರಿಕಾ ಪ್ರದೇಶದ ಗೇಟಿನ ಬಳಿ ನಡೆಸಬೇಕು.

ಇದಕ್ಕೆ ಕಾಲವೂ ಒದಗಿದೆ. 2027ರ ಸಿಂಹಸ್ಥ ಕುಂಭಮೇಳಕ್ಕೆ ನಾಸಿಕ್ ಮತ್ತು ತ್ರ್ಯಂಬಕೇಶ್ವರ ಸಿದ್ಧವಾಗುತ್ತಿವೆ. ರಸ್ತೆ, ಸೇತುವೆ, ಘಾಟುಗಳ ಕೆಲಸಕ್ಕೆ ಹಲವು ರಾಜ್ಯಗಳ ಕೂಲಿಗಳು ಬೇಕು. ಕೋಟ್ಯಂತರ ಯಾತ್ರಿಕರಿಗೆ ಅನ್ನಛತ್ರ ನಡೆಸುವ ಊರು, ಆ ಛತ್ರಕ್ಕೆ ನೆಲ ಸಮ ಮಾಡುವವರ ಒಲೆಯನ್ನು ಮೊದಲೇ ಯೋಚಿಸಿದರೆ ಅದು ದೊಡ್ಡ ಪುಣ್ಯ. ಗೋದಾವರಿಯ ದಡದಲ್ಲಿ ಕೆಲಸದ ಶಿಬಿರಗಳು ಏಳುವ ಮುನ್ನವೇ ಸಣ್ಣ ಸಿಲಿಂಡರ್ ಮಾರುವ ಕೇಂದ್ರ ಮತ್ತು ಸಾಮೂಹಿಕ ಅಡುಗೆಮನೆಗಳನ್ನು ಗುತ್ತಿಗೆಯ ಭಾಗವಾಗಿಸುವುದು ಜಿಲ್ಲಾಡಳಿತಕ್ಕೆ ಸಾಧ್ಯವಿರುವ ಕೆಲಸ.

ಸರ್ಕಾರಗಳು ಮಾಡುವವರೆಗೆ ನಾವು ಕಾಯಬೇಕಿಲ್ಲ. ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಹೋಳಿಗೆ ಊಟ ಹಾಕಿಸುತ್ತವೆ, ಗಾಯಕರನ್ನು ಕರೆಸುತ್ತವೆ. ಅದು ಇರಲಿ. ಅದರ ಜೊತೆ ಒಂದು ಭಾನುವಾರ ಉಜ್ವಲಾ ಅರ್ಜಿಯ ಶಿಬಿರ ನಡೆಸಿ, ಸ್ವಯಂ ಘೋಷಣೆಯ ನಮೂನೆಯನ್ನು ಕನ್ನಡದಲ್ಲಿ ವಿವರಿಸಿ, ಏಜೆನ್ಸಿಯ ಕಿಟಕಿಯವರೆಗೆ ಒಬ್ಬ ಮರಾಠಿ ಬಲ್ಲವನು ಜೊತೆಗೆ ಹೋದರೆ ಎಷ್ಟೋ ಮನೆಗಳಿಗೆ ಸಂಪರ್ಕ ಬರುತ್ತದೆ. ಊರಿನ ಚೀಟಿಯಲ್ಲಿ ಇಲ್ಲಿಯೇ ರೇಷನ್ ಸಿಗುತ್ತದೆ ಎಂಬುದೇ ಗೊತ್ತಿಲ್ಲದವರೂ ಇದ್ದಾರೆ, ಅವರಿಗೆ ಅದನ್ನು ತಿಳಿಸಬಹುದು. ಕಂಪನಿಗಳಲ್ಲಿ ಮಾನವ ಸಂಪನ್ಮೂಲ, ಖರೀದಿ ವಿಭಾಗದಲ್ಲಿರುವ ನಮ್ಮವರು ಗುತ್ತಿಗೆದಾರನ ಬಿಲ್ಲಿಗೆ ಸಹಿ ಹಾಕುವ ಮೊದಲು ಕಾರ್ಮಿಕರ ಕೋಣೆಯಲ್ಲಿ ಅಡುಗೆಗೆ ಏನಿದೆ ಎಂದು ಒಂದು ಸಲ ಕೇಳಬಹುದು. ಹೆಲ್ಮೆಟ್ ಇದೆಯೇ, ಬೂಟು ಇದೆಯೇ ಎಂದು ಕೇಳುವ ಪಟ್ಟಿಯಲ್ಲಿ ಇದೊಂದು ಸಾಲು ಸೇರಿಸಲು ಯಾರ ಅಪ್ಪಣೆಯೂ ಬೇಡ. ಅಪಾರ್ಟ್‌ಮೆಂಟಿಗೆ ಪೈಪಿನ ಗ್ಯಾಸ್ ಬಂದಾಗ ನಮ್ಮ ಹಳೆಯ ಸಂಪರ್ಕವನ್ನು ಒಪ್ಪಿಸದೆ ಅಟ್ಟದ ಮೇಲೆ ಇಟ್ಟುಕೊಳ್ಳುವ ಅಭ್ಯಾಸವನ್ನೂ ಬಿಡಬಹುದು.

ನಮ್ಮ ಹಿರಿಯರು ಹೊಸ ಊರಿಗೆ ಹೋದವರನ್ನು ‘ಒಲೆ ಹೂಡಿದಿರಾ?’ ಎಂದು ವಿಚಾರಿಸುತ್ತಿದ್ದರು. ಮನೆ ಮಾಡಿದಿರಾ ಎಂಬುದಕ್ಕೆ ಅದೇ ಅರ್ಥ. ವಲಸಿಗನಿಗೆ ಅಕ್ಕಿಯ ಹಕ್ಕು ಕೊಟ್ಟ ದೇಶ ಇನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ.